ಗೇಮ್ ಜಾಮ್‌ನ 48 ಗಂಟೆ: ಮೊದಲು ಅಪ್‌ಲೋಡ್, ಆಮೇಲೆ ಆಟ

ಜನವರಿ ಕೊನೆಯಲ್ಲಿ ಕೋಪನ್‌ಹೇಗನ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಮನೆಯೊಳಗೇ ಕೂರಬೇಕಾದ ಈ ಹೊತ್ತಿಗೆ ಸರಿಯಾಗಿ ಗ್ಲೋಬಲ್ ಗೇಮ್ ಜಾಮ್ ಬರುತ್ತದೆ. ಪರಿಚಯವಿಲ್ಲದವರ ತಂಡ, ಆಗಷ್ಟೇ ಕೊಟ್ಟ ಥೀಮ್, 48 ಗಂಟೆ. ಅಷ್ಟರಲ್ಲಿ ಆಡಲು ಬರುವ ಒಂದು ಆಟ ಸಿದ್ಧವಾಗಬೇಕು. ಇದರ ಬೇರು ಈ ಊರಿನಲ್ಲೇ ಇದೆ: 2006ರಲ್ಲಿ ಇಲ್ಲಿ ಶುರುವಾದ ನಾರ್ಡಿಕ್ ಗೇಮ್ ಜಾಮ್ ನೋಡಿಯೇ 2009ರಲ್ಲಿ ಜಾಗತಿಕ ಜಾಮ್ ಹುಟ್ಟಿದ್ದು. ಬೆಂಗಳೂರಿನಲ್ಲೂ ನಡೆದಿದೆ, ಆದ್ದರಿಂದ ಇಲ್ಲಿನ ಲೆಕ್ಕಾಚಾರ ಅಲ್ಲಿಗೂ ಸಲ್ಲುತ್ತದೆ.

48 ಗಂಟೆ ಎನ್ನುವುದು ಹೆಸರಿಗಷ್ಟೇ. ಎರಡು ರಾತ್ರಿಯ ನಿದ್ದೆಗೆ 14, ಊಟ-ಓಡಾಟಕ್ಕೆ 6, ಶುಕ್ರವಾರದ ಚರ್ಚೆಗೆ 3, ಕೊನೆಯ ಸಲ್ಲಿಕೆಗೆ 3 ಕಳೆದರೆ ಉಳಿಯುವುದು 22. ನಿದ್ದೆಗೆಟ್ಟು ಅದನ್ನು ಹಿಗ್ಗಿಸಲು ಹೋದವರು ಭಾನುವಾರ ಬೆಳಿಗ್ಗೆ ತಾವೇ ಬರೆದ ಕೋಡ್ ಅರ್ಥವಾಗದೆ ಕೂರುತ್ತಾರೆ. ಮೂರು ನಿಮಿಷದಲ್ಲಿ ಆಡಿ ಮುಗಿಯುವ, ಒಂದೇ ಕ್ರಿಯೆಯ ಆಟ ಸಾಕು. ‘ಬಾಬಾ ಈಸ್ ಯೂ’ ಎಂಬ ಒಗಟಿನ ಆಟ 2017ರ ನಾರ್ಡಿಕ್ ಜಾಮ್‌ನಲ್ಲಿ ಹುಟ್ಟಿದಾಗ ಅದರ ಬಂಡವಾಳ ಒಂದೇ: ಪದಗಳನ್ನು ತಳ್ಳಿದರೆ ಆಟದ ನಿಯಮವೇ ಬದಲಾಗುವುದು. ಪೂರ್ಣ ರೂಪದಲ್ಲಿ ಬಿಡುಗಡೆಯಾದದ್ದು 2019ರಲ್ಲಿ.

ಶುಕ್ರವಾರ ರಾತ್ರಿ ಮಲಗುವ ಮೊದಲು ಆಟ ಇರಬೇಕಾಗಿಲ್ಲ, ಅಪ್‌ಲೋಡ್ ಆಗಿರಬೇಕು. ಬಾಣದ ಕೀಲಿಗೆ ಓಡಾಡುವ ಒಂದು ಚೌಕ, ಒಂದು ‘ಟಿಕ್’ ಸದ್ದು, ಇಷ್ಟನ್ನೇ ವೆಬ್ ಬಿಲ್ಡ್ (ಬ್ರೌಸರ್‌ನಲ್ಲೇ ಓಡುವ ರೂಪ) ಮಾಡಿ, ಆಟ ಹಂಚುವ ತಾಣ ಇಚ್.ಐಓದಲ್ಲಿ ಗುಟ್ಟಾಗಿ ಏರಿಸಿ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ. ಕೈಕೊಡುವುದೆಲ್ಲ ಇಲ್ಲೇ ಕೈಕೊಡುತ್ತದೆ. ಜಿಪ್ ಬಿಚ್ಚಿದೊಡನೆ ಇಂಡೆಕ್ಸ್ ಫೈಲ್ (ಬ್ರೌಸರ್ ಮೊದಲು ತೆರೆಯುವ ಫೈಲ್) ಎದುರಿಗೇ ಸಿಗಬೇಕು, ಇನ್ನೊಂದು ಫೋಲ್ಡರ್‌ನೊಳಗೆ ಅವಿತಿದ್ದರೆ ಪುಟ ತೆರೆಯದು. ವಿಂಡೋಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ-ಚಿಕ್ಕಕ್ಷರ ಒಂದೇ, ಸರ್ವರ್‌ಗೆ ಬೇರೆ ಬೇರೆ. ಮನೆಯಲ್ಲಿ ಕಂಡ ಚಿತ್ರ ಅಲ್ಲಿ ಮಾಯ. ಆಡುವವರು ಒಮ್ಮೆ ಕ್ಲಿಕ್ ಮಾಡುವ ತನಕ ಬ್ರೌಸರ್ ಸದ್ದು ಹೊರಡಿಸುವುದಿಲ್ಲ, ಹಾಗಾಗಿ ‘ಶುರು’ ಗುಂಡಿ ಅಲಂಕಾರವಲ್ಲ, ಅಗತ್ಯ. ಗೊಡೊ 4 ಎಂಬ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಬಳಸುವವರು 4.3 ಅಥವಾ ಹೊಸ ಆವೃತ್ತಿ ಹಿಡಿದು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಇಲ್ಲದ ಎಕ್ಸ್‌ಪೋರ್ಟ್ ಆರಿಸಿದರೆ ಸರ್ವರ್ ಹೆಡರ್‌ಗಳ (ಪುಟದೊಡನೆ ಸರ್ವರ್ ಕಳಿಸಬೇಕಾದ ಸೂಚನೆಗಳ) ರಗಳೆ ತಪ್ಪುತ್ತದೆ. ಅದರಲ್ಲಿ ಸಿ ಶಾರ್ಪ್ ಭಾಷೆ ಬಳಸಿದರೆ ವೆಬ್ ಬಿಲ್ಡ್ ಇಲ್ಲ, ಗೊಡೊದ್ದೇ ಭಾಷೆ ಜಿಡಿಸ್ಕ್ರಿಪ್ಟೇ ಗತಿ.

ಯೂನಿಟಿ ಎಂಬ ಇನ್ನೊಂದು ಎಂಜಿನ್‌ನಲ್ಲಿ ಒಂದೇ ಸೀನ್ (ಆಟದ ಒಂದು ದೃಶ್ಯ) ಫೈಲನ್ನು ಇಬ್ಬರು ಮುಟ್ಟಿದರೆ, ತಂಡದ ಬದಲಾವಣೆಗಳನ್ನು ಕೂಡಿಸುವ ಗಿಟ್‌ನಲ್ಲಿ ಜೋಡಿಸುವುದು ನರಕ. ಒಬ್ಬರಿಗೆ ಒಂದು ಸೀನ್, ಉಳಿದದ್ದೆಲ್ಲ ಪ್ರೀಫ್ಯಾಬ್ (ಬೇರೆ ಫೈಲಿನಲ್ಲಿಟ್ಟು ಮತ್ತೆ ಮತ್ತೆ ಬಳಸುವ ತುಣುಕು). ಊರಿನಲ್ಲಿರುವ ಗೆಳೆಯರು ಸಂಗೀತ ಮಾಡಿಕೊಡುವುದಾದರೆ ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದಿದೆ ಎಂಬುದನ್ನು ಮರೆಯಬೇಡಿ: ಇಲ್ಲಿ ರಾತ್ರಿ ಎಂಟಕ್ಕೆ ಕೇಳಿದ ಟ್ರ್ಯಾಕ್‌ಗೆ ಅಲ್ಲಿ ಹನ್ನೆರಡೂವರೆ.

ಕನ್ನಡದಲ್ಲೇ ಆಟ ಮಾಡುವ ಹುಮ್ಮಸ್ಸಿದ್ದರೆ ಎಂಜಿನ್ ಆಯ್ಕೆಯಲ್ಲೇ ಅರ್ಧ ಗೆಲುವು. ಯೂನಿಟಿಯಲ್ಲಿ ಪಠ್ಯ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರ ಕೂಡಿಸುವುದಿಲ್ಲ. ‘ಅಜ್ಜಿ’ ಎಂದು ಬರೆದರೆ ಜ ಒಂದು ಕಡೆ, ಅರ್ಧಾಕ್ಷರದ ಗುರುತು ಒಂದು ಕಡೆ, ಇನ್ನೊಂದು ಜ, ಪಕ್ಕದಲ್ಲಿ ಅನಾಥ ಗುಡಿಸು! ಫಾಂಟ್ ಬದಲಿಸುತ್ತಾ ಕೂತರೆ ಶನಿವಾರ ಮುಗಿಯುತ್ತದೆ. ದೋಷ ಫಾಂಟ್‌ನದಲ್ಲ, ಅಕ್ಷರ ಹೊಂದಿಸುವ ಹಂತವೇ ಅಲ್ಲಿಲ್ಲ. ಹತ್ತು ಸಾಲಿನೊಳಗಿನ ಮಾತಾದರೆ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ಚಿತ್ರಗಳಾಗಿ ತಂದುಬಿಡಿ. ಹೆಚ್ಚಿದ್ದರೆ ಗೊಡೊ 4, ಅದರಲ್ಲಿ ಅಕ್ಷರ ಹೊಂದಿಸುವ ಹಾರ್ಫ್‌ಬಜ್ ಇದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟ್‌ನೊಳಗೇ ಇಡಿ. ಕಥೆಯೇ ಮುಖ್ಯವಾದರೆ ಕಥೆ-ಆಟ ಕಟ್ಟುವ ಟ್ವೈನ್ ಸಾಕು, ಅಕ್ಷರದ ಕೆಲಸ ಬ್ರೌಸರ್‌ನದು. ಆದರೆ ಬ್ರೌಸರ್‌ನಲ್ಲಿ ತೆರೆದ ಟ್ವೈನ್ ಕಥೆಯನ್ನು ಆ ಬ್ರೌಸರ್‌ನ ಸ್ಮೃತಿಯಲ್ಲೇ ಉಳಿಸುತ್ತದೆ, ಬ್ರೌಸರ್‌ನ ಸೈಟ್ ಡೇಟಾ ಅಳಿಸಿದರೆ ಕಥೆಯೂ ಹೋಗುತ್ತದೆ. ಎರಡು ಗಂಟೆಗೊಮ್ಮೆ ಆರ್ಕೈವ್ (ಕಥೆಯ ಪೂರ್ತಿ ಪ್ರತಿ) ಇಳಿಸಿಕೊಳ್ಳಿ.

ಊಟಕ್ಕೆ ಪಿಜ್ಜಾ, ಮತ್ತೆ ಪಿಜ್ಜಾ. ಪುಳಿಯೋಗರೆ ಆರಿದರೂ ನಡೆಯುತ್ತದೆ, ಒಂದು ಡಬ್ಬಿ ಹೆಚ್ಚೇ ಒಯ್ಯಿರಿ. ಧ್ವನಿ ವಿನ್ಯಾಸಕರು ಬೇಗ ಒಲಿಯುತ್ತಾರೆ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊಸದೇನನ್ನೂ ಸೇರಿಸದೆ ನಿಲ್ಲಿಸಿ, ಪ್ರದರ್ಶನಕ್ಕೆ 30 ಸೆಕೆಂಡಿನ ವಿಡಿಯೋ ಹಿಡಿದಿಡಿ. ಸಲ್ಲಿಸುವಾಗ ಕೋಡನ್ನೂ, ಬೇರೆಯವರ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ತೆರೆದಿಡಬೇಕಾಗುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಒಯ್ಯಬೇಡಿ, ಕಚೇರಿಯ ಕೋಡನ್ನಂತೂ ಬೇಡವೇ ಬೇಡ. ಬಿಡುವಿನ ವೇಳೆಯ ಕೆಲಸದ ಹಕ್ಕು ಯಾರದು ಎಂದು ನೌಕರಿ ಕರಾರಿನಲ್ಲಿ ಮೊದಲೇ ಓದಿಕೊಂಡಿರಿ.