ಅಪ್ಪನ ತಿಥಿ ಮತ್ತು ಬಸ್ ಚಾರ್ಜು

ಡಯಾಲಿಸಿಸ್‌ನಲ್ಲಿ ಇರುವವರಿಗೆ ಬಾಳೆಹಣ್ಣು ಕೊಡಬಾರದು. ಎಳನೀರಂತೂ ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದಿದ್ದರೆ ಅದು ಮೈಯಿಂದ ಆಚೆ ಹೋಗುವುದಿಲ್ಲ, ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಿಬಿಡುತ್ತದೆ. ಇದೆಲ್ಲ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 2021ರಲ್ಲಿ ಅಪ್ಪನ ಎರಡೂ ಕಿಡ್ನಿ ಸೋತ ಮೇಲೆ ಒಂದೊಂದಾಗಿ ಕಲಿತೆವು.

ಅಪ್ಪ ಆಲೂಗಡ್ಡೆ ಬೆಳೆಯುತ್ತಿದ್ದ. ನಮ್ಮ ಹಳ್ಳಿ ಸಾಲಗಾಮೆ ಕಡೆ. ಮೇ ತಿಂಗಳು ಬಂತು ಅಂದರೆ ಹಾಸನದ ಎಪಿಎಂಸಿಗೆ ಹೋಗಿ ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆ ಆರಿಸಿ ತರುವುದು, ಅಂಗಮಾರಿ ರೋಗ ಬಿದ್ದ ವರ್ಷ ಸಾಲ ಮಾಡುವುದು, ರೇಟು ಸಿಕ್ಕಿದ ವರ್ಷ ಅದನ್ನು ತೀರಿಸುವುದು, ಅವನ ಬದುಕೆಲ್ಲ ಹೀಗೇ ನಡೆದಿತ್ತು. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇತ್ತು. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದ, ಬೇಡ ಅಂದರೂ ಕೇಳುತ್ತಿರಲಿಲ್ಲ. ಕಾಲು ಊದಿಕೊಂಡಾಗ ನಾವು ಅದನ್ನು ಓಡಾಟದ ಸುಸ್ತು ಅಂದುಕೊಂಡೆವು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಆಚೆ ಹಾಕಬೇಕಾದ ಕಸ, ತೀರಾ ಜಾಸ್ತಿಯಾಗಿ 8 ದಾಟಿತ್ತು. ಆ ಕಾಲು ಊತವನ್ನು ಆರು ತಿಂಗಳು ನೋಡಿಕೊಂಡೇ ಇದ್ದೆವಲ್ಲ ಅನ್ನುವುದು ನನ್ನನ್ನು ಈಗಲೂ ಬಿಟ್ಟಿಲ್ಲ. ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಎರಡನ್ನೂ ನೋಡಿಸಿ, ದಯವಿಟ್ಟು.

ಡಯಟೀಷಿಯನ್ ಮೊದಲ ದಿನವೇ ಆಲೂಗಡ್ಡೆ ಬೇಡ ಅಂದರು. ಅಪ್ಪ ನನ್ನ ಮುಖ ನೋಡಿದ. ಮುದ್ದೆ ಕಡಿಮೆ ಮಾಡಿ ಅಂದರು. ತರಕಾರಿ ಸಣ್ಣಗೆ ಹೆಚ್ಚಿ, ಪೊಟ್ಯಾಸಿಯಂ ಇಳಿಯಲಿ ಅಂತ ಬಿಸಿನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಆಮೇಲೆ ಬೇಯಿಸಬೇಕು. ಕುಡಿಯುವುದು ದಿನಕ್ಕೆ ಒಂದು ಲೀಟರ್, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ, ಜಾಸ್ತಿಯಾದರೆ ನೀರೂ ಮೈಯಲ್ಲೇ ಉಳಿಯುತ್ತದೆ. ಅವ್ವ ಒಂದು ಸ್ಟೀಲ್ ಲೋಟಕ್ಕೆ ಉಗುರುಬಣ್ಣದಲ್ಲಿ ಗೆರೆ ಹಾಕಿದಳು, ಗೆರೆವರೆಗೆ ನೂರು ಎಂಎಲ್. 200 ಪುಟದ ನೋಟ್‌ಬುಕ್ ತರಿಸಿ ದಿನಾ ಬರೆದಳು. ಬೆಳಿಗ್ಗೆ ಕಾಫಿ ನೂರು. ಮಾತ್ರೆಗೆ ಐವತ್ತು. ಬೇಸಿಗೆಯಲ್ಲಿ ಅಪ್ಪ ಬಾಯಿಗೆ ನೀರು ಹಾಕಿಕೊಂಡು, ಮುಕ್ಕಳಿಸಿ, ಉಗಿದು ಬರುತ್ತಿದ್ದ. ಅವನು ಉಗಿಯುವ ಸದ್ದು ಕೇಳುವವರೆಗೂ ಅವ್ವ ಅಡುಗೆಮನೆಯಲ್ಲಿ ಅಲ್ಲಾಡದೆ ನಿಂತಿರುತ್ತಿದ್ದಳು.

ಎಡಗೈಗೆ ಫಿಸ್ಟುಲಾ ಮಾಡಿದ್ದರು. ರಕ್ತನಾಳ ಎರಡನ್ನು ಜೋಡಿಸಿರುತ್ತಾರೆ, ಅಲ್ಲಿಗೇ ಸೂಜಿ ಚುಚ್ಚುವುದು. ಆ ಜಾಗದ ಮೇಲೆ ಬೆರಳಿಟ್ಟರೆ ಪಂಪ್‌ಸೆಟ್ ಪೈಪಿನ ಮೇಲೆ ಕೈ ಇಟ್ಟ ಹಾಗೆ ಗುರ್ ಅನ್ನುತ್ತದೆ. ಅಪ್ಪ ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಂಡು "ಮೋಟ್ರು ಓಡ್ತಾ ಐತೆ" ಅನ್ನುತ್ತಿದ್ದ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಒಬ್ಬರಿಗೆ ಒಂದು ಸಲ ಡಯಾಲಿಸಿಸ್ ಮಾಡಲು ಶುದ್ಧ ಮಾಡಿದ ನೀರು ಸುಮಾರು 120 ಲೀಟರ್ ಬೇಕು ಅಂತ ಟೆಕ್ನಿಷಿಯನ್ ಒಮ್ಮೆ ಹೇಳಿದರು. ಅಪ್ಪ ಮಲಗಿಕೊಂಡೇ ಮಿಷನ್ನಿನ ಹಿಂದಿನ ಪೈಪ್ ನೋಡುತ್ತಿದ್ದ. ಅವತ್ತು ಮನೆಗೆ ಬಂದು ಗೆರೆಯ ಲೋಟದಲ್ಲಿ ಕಾಫಿ ಕುಡಿದ.

ಹಾಸನದಲ್ಲಿ ನನ್ನ ಮನೆ ಇರುವುದರಿಂದ ನಮಗೆ ಓಡಾಟ ಕಷ್ಟವಾಗಲಿಲ್ಲ. ಪಕ್ಕದ ಹಾಸಿಗೆಯವರು ಹೆತ್ತೂರು ಕಡೆಯಿಂದ ಬರುತ್ತಿದ್ದರು. ಕಾಫಿ ತೋಟದಲ್ಲಿ ಕೂಲಿ. ಹತ್ತಿರದಲ್ಲಿ ಎಲ್ಲೂ ಜಾಗ ಖಾಲಿ ಇಲ್ಲದೆ ಸಕಲೇಶಪುರದಲ್ಲಿ ಬಸ್ ಬದಲಾಯಿಸಿ ಹಾಸನಕ್ಕೇ ಬರಬೇಕಿತ್ತು. ಬಿಪಿಎಲ್ ಕಾರ್ಡ್ ಇದ್ದುದರಿಂದ ಡಯಾಲಿಸಿಸ್‌ಗೆ ದುಡ್ಡಿಲ್ಲ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಸಿಗಲಿ ಅಂತ 2016ರಲ್ಲಿ ಕೇಂದ್ರದ ಕಾರ್ಯಕ್ರಮವೇ ಬಂದಿದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಬಸ್ಸಿಗೆ ದುಡ್ಡು ಬೇಕಲ್ವಾ? ಹೋಗಿ ಬರಲು ಒಬ್ಬರಿಗೆ ಇನ್ನೂರು ರೂಪಾಯಿ ಹತ್ತಿರ. ಜೊತೆಗೆ ಬರುವ ಹೆಂಡತಿಯ ಅವತ್ತಿನ ಕೂಲಿಯೂ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ ಇಲ್ಲ. ಗಂಡನಿಗೆ ಇದ್ದೇ ಇತ್ತು. ಮೂರು ಸಲ ಬರಬೇಕಾದವರು ಎರಡು ಸಲ ಬರುತ್ತಿದ್ದರು, ಮಳೆಗಾಲದಲ್ಲಿ ಕೆಲವು ವಾರ ಒಂದೇ ಸಲ.

ಅಪ್ಪ ಅವರಿಗೆ ಆಗಾಗ ಇನ್ನೂರು ರೂಪಾಯಿ ಕೊಡುತ್ತಿದ್ದ. ಮಡಿಸಿದ ನೋಟನ್ನು ಹೊದಿಕೆ ಅಡಿಯಿಂದ ದಾಟಿಸುತ್ತಿದ್ದ. ಒಂದು ದಿನ ನಾನು ನೋಡಿ, ಮನೆಗೆ ಬಂದ ಮೇಲೆ ಬೈದೆ. ನಮಗೇ ಸೊಸೈಟಿ ಸಾಲ ಇದೆ, ನಿನ್ನ ಇಂಜೆಕ್ಷನ್ನಿಗೇ ತಿಂಗಳಿಗೆ ಎಷ್ಟು ಹೋಗುತ್ತೆ ಗೊತ್ತಾ ಅಂತ ಕೇಳಿದೆ. ಅಪ್ಪ ಜೋರು ಮಾಡಲಿಲ್ಲ. "ಸೋಮವಾರ ಅವನ ಹಾಸಿಗೆ ಖಾಲಿ ಇದ್ರೆ ನಾಲ್ಕು ಗಂಟೆ ನಂಗೆ ಆ ಕಡೆ ತಿರುಗಕ್ಕೆ ಆಗಲ್ಲ ಕಣವ್ವ" ಅಂದ. ನಾನು ಮತ್ತೆ ಮಾತಾಡಲಿಲ್ಲ, ಆದರೆ ನನ್ನ ಕೈಯಿಂದಲೂ ಏನೂ ಕೊಡಲಿಲ್ಲ.

2023ರ ಜುಲೈನಲ್ಲಿ ಹೆತ್ತೂರಿನವರು ಒಂದು ವಾರ ಪೂರ್ತಿ ಬರಲಿಲ್ಲ. ಬಂದಾಗ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮಲಗಲು ಆಗದೆ ಕೂತೇ ಇದ್ದರು. ಎರಡು ದಿನದಲ್ಲಿ ಹೋಗಿಬಿಟ್ಟರು. ಡಿಸೆಂಬರಿನಲ್ಲಿ ಅಪ್ಪ ಹೋದ. ಮನೆಯಲ್ಲೇ, ಬೆಳಗಿನ ಜಾವ, ನಿದ್ದೆಯಲ್ಲಿ. ಅವ್ವ ಮೊದಲು ಮುಟ್ಟಿ ನೋಡಿದ್ದು ಎಡಗೈ.

ನಾನು ಬರೆಯಬೇಕು ಅಂದುಕೊಂಡಿದ್ದು ವರ್ಷದ ತಿಥಿಯ ಹಿಂದಿನ ವಾರ ಆಗಿದ್ದನ್ನು. ದೊಡ್ಡಪ್ಪ, ತಮ್ಮ, ಅವ್ವ, ನಾನು ಕೂತು ಲೆಕ್ಕ ಹಾಕುತ್ತಿದ್ದೆವು. ಐನೂರು ಜನಕ್ಕೆ ಊಟ, ಶಾಮಿಯಾನ, ಅಡುಗೆಯವರು, ಎಲ್ಲ ಸೇರಿ ಒಂದೂವರೆ ಲಕ್ಷ. ಅವ್ವ ಅದುವರೆಗೆ ಬಾಯೇ ತೆರೆದಿರಲಿಲ್ಲ. "ಭಾವ, ಐವತ್ತು ಜನಕ್ಕೆ ಹಾಕಣ. ಮಿಕ್ಕಿದ ಒಂದು ಲಕ್ಷ ಆಸ್ಪತ್ರೆಗೆ" ಅಂದಳು. ದೊಡ್ಡಪ್ಪನಿಗೆ ಸಿಟ್ಟು ಬಂತು. "ಊರೋರ ಮನೇಲೆಲ್ಲ ನಾವು ಉಂಡಿದೀವಿ ಕಣಮ್ಮ, ನಮ್ಮನೇಲಿ ಹಾಕ್ದೆ ಇದ್ರೆ ಹೆಂಗೆ?" ಅಂದರು. ಅವರಿಗೆ ಇವತ್ತಿಗೂ ಸಮಾಧಾನ ಇಲ್ಲ. ಅವರ ಮಾತಲ್ಲಿ ತಪ್ಪೂ ಇಲ್ಲ. ಅಪ್ಪನ ಹೆಣ ಎತ್ತಿದವರು, ಮೂರು ದಿನ ನಮ್ಮ ಮನೆಗೆ ಅನ್ನ ಸಾರು ತಂದುಕೊಟ್ಟವರು ಊರವರೇ. ಆದರೆ ಅವ್ವ ಹಿಡಿದ ಹಟ ಬಿಡಲಿಲ್ಲ.

ದುಡ್ಡು ಹೇಗೆ ಕೊಡುವುದು ಅಂತ ಮಾತ್ರ ನಮಗೆ ತಿಳಿಯಲಿಲ್ಲ. ತಮ್ಮ ಡಯಾಲಿಸಿಸ್ ಮಿಷನ್ನೇ ಕೊಡೋಣ ಅಂದ, ವಿಚಾರಿಸಿದರೆ ಅದಕ್ಕೆ ಹಲವು ಲಕ್ಷ. ನೆಂಟರೊಬ್ಬರು ವೀಲ್‌ಚೇರ್ ಕೊಟ್ಟು ಅಪ್ಪನ ಹೆಸರು ಬರೆಸಿ ಅಂದರು. ಮೊದಲು ಹೋಗಿ ನೋಡೋಣ ಅಂತ ಅವ್ವನನ್ನು ಕರೆದುಕೊಂಡು ಒಂದು ಬುಧವಾರ ಆಸ್ಪತ್ರೆಗೆ ಹೋದೆ. ಒಂದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಸ್ಪಿರಿಟ್ ವಾಸನೆ ಬಂದ ಕೂಡಲೇ ಅವ್ವ ನನ್ನ ಕೈ ಹಿಡಿದುಕೊಂಡಳು. ಅಪ್ಪನ ಹಾಸಿಗೆಯಲ್ಲಿ ಇಪ್ಪತ್ತೈದರ ಹುಡುಗ ಮಲಗಿದ್ದ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು.

ಅವತ್ತೇ ಯಾರೋ ಪುಣ್ಯಾತ್ಮರು ಹುಟ್ಟುಹಬ್ಬಕ್ಕೆ ಹಣ್ಣು ಹಂಚಿ ಹೋಗಿದ್ದರು. ಪ್ರತಿ ಹಾಸಿಗೆಯ ಮೇಲೂ ಒಂದು ಕವರ್. ಎರಡು ಬಾಳೆಹಣ್ಣು, ಒಂದು ಕಿತ್ತಳೆ, ಒಂದು ಬ್ರೆಡ್. ಒಳ್ಳೆ ಮನಸ್ಸಿನಿಂದಲೇ ತಂದಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೇ. ನಮಗೂ ಮೂರು ವರ್ಷದ ಹಿಂದೆ ಗೊತ್ತಿರಲಿಲ್ಲ. ಒಬ್ಬ ಅಜ್ಜಿ ಸೂಜಿ ಚುಚ್ಚದ ಕೈಯಲ್ಲಿ ಬಾಳೆಹಣ್ಣು ಹಿಡಿದು ಮೂಸಿ ನೋಡುತ್ತಿದ್ದರು. ನಮ್ಮನ್ನು ನೋಡಿ ನಾಚಿಕೊಂಡು ಕವರಿಗೆ ಹಾಕಿಬಿಟ್ಟರು. ಅವ್ವ ಹತ್ತಿರ ಹೋಗಿ ಕವರಿನ ಬಾಯಿ ಗಂಟು ಹಾಕಿ, "ಮೊಮ್ಮಕ್ಕಳಿಗೆ ತಗಂಡೋಗಿ ಅಮ್ಮ, ಆಸೆ ಆಯ್ತದೆ, ನಂಗೊತ್ತು" ಅಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಅಲ್ಲಿ ಅತ್ತಳು. ಅಜ್ಜಿಯೂ ಅತ್ತರು.

ಆಮೇಲೆ ಅವ್ವ ಹೊರಗೆ ಜೊತೆಯವರು ಕೂರುವ ಬೆಂಚಿಗೆ ಹೋದಳು. ಎರಡು ವರ್ಷ ಕೂತಿದ್ದ ಜಾಗ. ಒಬ್ಬೊಬ್ಬರನ್ನೇ ಕೇಳತೊಡಗಿದಳು. ಯಾವೂರು? ಎಷ್ಟೊತ್ತಿಗೆ ಮನೆ ಬಿಟ್ರಿ? ಏನ್ ತಿಂದ್ರಿ? ಹೋದ್ವಾರ ಮೂರು ಸಲನೂ ಬಂದ್ರಾ? ಕೊನೆಯ ಪ್ರಶ್ನೆ ಬಂದಾಗ ಕೆಲವರು ನೆಲ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಅವ್ವ ಇನ್ನೂ ಸ್ವಲ್ಪ ಹೊತ್ತು ಕೂತಳು. ಅರಕಲಗೂಡು ಕಡೆಯಿಂದ ಬರುವ ಒಬ್ಬ ಹೆಂಗಸು ಗಂಡನನ್ನು ಒಳಗೆ ಬಿಟ್ಟು ತಾನು ಬೆಳಿಗ್ಗೆಯಿಂದ ಬರೀ ಟೀ ಕುಡಿದು ಕೂತಿದ್ದಳು. ಆ ಬೆಂಚಿನ ಮೇಲೆ ಎರಡು ಗಂಟೆಯಲ್ಲಿ ಗೊತ್ತಾಗಿದ್ದು ನಮಗೆ ಯಾವ ಆಫೀಸಿನಲ್ಲೂ ಗೊತ್ತಾಗುತ್ತಿರಲಿಲ್ಲ. ದುಡ್ಡಿಲ್ಲದೆ ಸರದಿ ತಪ್ಪಿಸುವವರು ಆರು ಜನ ಇದ್ದರು.

ಸಿಸ್ಟರ್ ಹತ್ತಿರ ಮಾತಾಡಿದೆವು. ವಾರ್ಡಿನೊಳಗೆ ನಗದು ಹಂಚಬೇಡಿ, ಸಿಕ್ಕದವರಿಗೆ ಬೇಜಾರಾಗುತ್ತೆ ಅಂದರು, ಅದು ಸರಿಯೇ. ಮಿಷನ್, ಹಾಸಿಗೆ ಅಂಥದ್ದು ಕೊಡುವವರು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಬಹುದು ಅಂತಲೂ ಹೇಳಿದರು. ನಾವು ಬಸ್ ಚಾರ್ಜಿಗೇ ನಿಂತೆವು. ಭಾನುವಾರ ಸಂಜೆ ಆ ವಾರದ ಮೂರೂ ದಿನದ ದುಡ್ಡು ಫೋನ್‌ಪೇ ಮಾಡುವುದು. ಫೋನ್ ಇಲ್ಲದ ಇಬ್ಬರಿಗೆ ಎದುರಿನ ಮೆಸ್ಸಿನವರು ನಮ್ಮ ಲೆಕ್ಕದಲ್ಲಿ ಕೊಡುತ್ತಾರೆ. ಜೊತೆಯವರಿಗೆ ಅಲ್ಲೇ ಊಟ. ಒಬ್ಬರಿಗೆ ಒಂದು ಸಲಕ್ಕೆ ಸರಾಸರಿ 130 ರೂಪಾಯಿ, ತಿಂಗಳಿಗೆ 13 ಸಲ, ಆರು ಜನ. ಸುಮಾರು ಹತ್ತು ಸಾವಿರ. ಊಟದ್ದು ಬೇರೆ, ಅದನ್ನು ನಾನು ಮತ್ತು ತಮ್ಮ ಕೊಡುತ್ತೇವೆ. ಅಪ್ಪನ ತಿಥಿಯ ಒಂದು ಲಕ್ಷ ಹತ್ತು ತಿಂಗಳು ಬರುತ್ತದೆ.

ತಿಥಿ ದಿನ ಎಡೆ ಇಟ್ಟಿದ್ದನ್ನು ಹೇಳಲೇಬೇಕು. ಅವ್ವ ಯಾರನ್ನೂ ಅಡುಗೆಮನೆಗೆ ಬಿಡಲಿಲ್ಲ. ಎಲೆಯ ಮೇಲೆ ಎರಡು ಮುದ್ದೆ, ಕೋಳಿ ಸಾರು, ಆಲೂಗಡ್ಡೆ ಪಲ್ಯ. ತರಕಾರಿ ನೆನೆಹಾಕಿ ನೀರು ಚೆಲ್ಲಿರಲಿಲ್ಲ. ಪಕ್ಕದಲ್ಲಿ ಬಾಳೆಹಣ್ಣಿನ ಚಿಪ್ಪು, ಕೆತ್ತಿದ ಎಳನೀರು. ಕೊನೆಗೆ ದೊಡ್ಡ ತಾಮ್ರದ ಚೊಂಬು ತಂದು, ಅಂಚಿನವರೆಗೆ ನೀರು ತುಂಬಿ, ತುಳುಕಿ ನೆಲದ ಮೇಲೆ ಚೆಲ್ಲಿದರೂ ಇನ್ನೂ ಹುಯ್ಯುತ್ತಲೇ ಇದ್ದಳು. "ಕುಡಿ, ಹೊಟ್ಟೆ ತುಂಬ ಕುಡಿ" ಅಂದಳು. ತಮ್ಮ ಎದ್ದು ಹೊರಗೆ ಹೋಗಿಬಿಟ್ಟ. ದೊಡ್ಡಪ್ಪ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡರು.

ಈಗ ನಾಲ್ಕು ತಿಂಗಳಾಯಿತು. ಅಪ್ಪನ ನೀರಿನ ಲೆಕ್ಕ ಬರೆದ ನೋಟ್‌ಬುಕ್‌ನಲ್ಲೇ, ಅವನದು ನಿಂತ ಪುಟದ ಮುಂದಿನ ಪುಟದಿಂದ ಅವ್ವ ಈ ಲೆಕ್ಕ ಬರೆಯುತ್ತಿದ್ದಾಳೆ. ಹೆಸರಿನ ಎದುರು ಸೋಮ, ಬುಧ, ಶುಕ್ರ. ಬಂದರೆ ಸರಿ ಗುರುತು. ಹೆತ್ತೂರಿನವರ ಹೆಂಡತಿಯನ್ನು ಹುಡುಕಿ ನಂಬರ್ ತೆಗೆದುಕೊಂಡಿದ್ದೇನೆ. ಅವರಿಗೆ ಈ ವಿಷಯ ಹೇಳಬೇಕು ಅಂತ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಇನ್ನೂ ಮಾಡಲು ಆಗಿಲ್ಲ. ಆ ಇನ್ನೂರು ರೂಪಾಯಿ ನಾನೂ ಕೊಟ್ಟಿದ್ದರೆ ಅನ್ನುವುದು ಗಂಟಲಿಗೆ ಅಡ್ಡ ಬರುತ್ತದೆ.

ಎಲ್ಲರೂ ಎಲ್ಲ ಸಲವೂ ಬರುತ್ತಾರೆ ಅಂತಲ್ಲ. ದುಡ್ಡು ಹಾಕಿದರೂ ಒಮ್ಮೊಮ್ಮೆ ತಪ್ಪುತ್ತದೆ. ಜ್ವರ, ಮನೆಯಲ್ಲಿ ಯಾರದೋ ಸಾವು, ಕೆಲವು ಸಲ ಸುಮ್ನೆ ಸಾಕಾಗಿ ಹೋಗಿರುತ್ತದೆ, ಅಪ್ಪನಿಗೂ ಹಾಗೆ ಎಷ್ಟೋ ಸಲ ಆಗಿತ್ತು. ಈ ಸೋಮವಾರ ಅರಕಲಗೂಡಿನವರು ಬಂದಿಲ್ಲ ಅಂತ ಮೆಸ್ಸಿನವರು ಹೇಳಿದರು. ಅವ್ವ ರಾತ್ರಿ ನನ್ನ ಫೋನ್ ಇಸಕೊಂಡು ಅವರಿಗೆ ಹಚ್ಚಿದಳು. ನೀರು ಎಷ್ಟು ಕುಡಿದ್ರಿ, ಕಾಲು ಊದಿದೆಯಾ, ಉಸಿರಾಟ ಹೆಂಗಿದೆ, ದಿಂಬು ಎತ್ತರ ಇಟ್ಕಂಡು ಮಲಗಿ, ಉಸಿರು ಕಟ್ಟಿದ್ರೆ ಬುಧವಾರದವರೆಗೆ ಕಾಯಬೇಡಿ, ತಕ್ಷಣ 108ಕ್ಕೆ ಮಾಡಿ. ಹತ್ತು ನಿಮಿಷ ಮಾತಾಡಿದಳು.

ಬುಧವಾರ ಮೊದಲ ಬಸ್ಸಿಗೆ ಬರ್ತೀನಿ ಅಂದಿದ್ದಾರೆ.