ಕಾವೇರಿ ದಡದ ಬಿಡಾರ, ಕುರಿ ಮಂದೆಯ ನೆಂಟರು

ಸಂಕ್ರಾಂತಿ ಮುಗಿದ ಮೇಲೆ ಮಂಡ್ಯ ಸೀಮೆ ಸುತ್ತೋದಕ್ಕೆ ಒಳ್ಳೆ ಹೊತ್ತು. ಮೈಸೂರಿನಿಂದ ಬನ್ನೂರು ದಾಟಿ ಮಳವಳ್ಳಿ ಕಡೆ ಹೊರಟರೆ ಕೊಯ್ದ ಗದ್ದೆ, ಆಲೆಮನೆ ಹೊಗೆ, ಕಬ್ಬು ಹೇರಿದ ಟ್ರ್ಯಾಕ್ಟರು. ನಾವು ಮೂವರು ಗೆಳೆಯರು ಹೊರಟಿದ್ದು ಬೆಳಕವಾಡಿ ಕಡೆಗೆ. ಅಲ್ಲಿ ಒಬ್ಬನ ಚಿಕ್ಕಪ್ಪನಿಗೆ ತೆಂಗಿನ ತೋಟವಿದೆ. ತೋಟ ಮುಗಿದ ಮೇಲೆ ಬಂಡೆ, ಪೊದೆ, ಹೊಳೆಮತ್ತಿ ಮರಗಳು. ಅದರಾಚೆ ಕಾವೇರಿ. ಹತ್ತಿರದಲ್ಲಿ ಮನೆಯಿಲ್ಲ, ಕರೆಂಟಿಲ್ಲ.

ಟೆಂಟ್ ಹಾಕಿ, ಬಟ್ಟೆಯ ಹಂಗಿಲ್ಲದೆ ಹೊಳೆ ಪಕ್ಕ ಇದ್ದು ಬರೋಣ ಅಂತ ಹೋಗಿದ್ದೆವು. ಬೇಕೆನಿಸಿದವರು ತೊಟ್ಟುಕೊಳ್ಳಬಹುದು, ಬೇಡವೆನಿಸಿದವರು ಬಿಡಬಹುದು. ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ. ಇದನ್ನು ಕೇಳಿದ ತಕ್ಷಣ ಕೆಲವರು ಮುಖ ತಿರುಗಿಸುತ್ತಾರೆ. ಆದರೆ ಮೈಗೆ ಗಾಳಿ, ಬಿಸಿಲು, ನೀರು ನೇರ ತಾಗುವ ಸುಖ ಬೇರೆಯೇ. ಅದನ್ನು ಕೊಳಕು ಅನ್ನೋದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಜೊತೆಗಿದ್ದ ಗೆಳೆಯನೊಬ್ಬ ಮ್ಯೂನಿಕ್‌ನಲ್ಲಿ ಕೆಲಸ ಮಾಡಿ ಬಂದವನು. ಆ ಊರಿನ ನಡುವೆಯೇ ದೊಡ್ಡ ಪಾರ್ಕ್ ಇದೆ, ಹೆಸರು ಎಂಗ್ಲಿಷರ್ ಗಾರ್ಟನ್. ಅದರ ಒಂದಿಷ್ಟು ಹುಲ್ಲುಗಾವಲನ್ನು ಬಟ್ಟೆ ಬಿಟ್ಟು ಬಿಸಿಲು ಕಾಯಿಸುವವರಿಗೆ ಅಂತಲೇ ಬಿಟ್ಟಿದ್ದಾರೆ. ಎಲ್ಲ ವಯಸ್ಸಿನವರೂ ಬರುತ್ತಾರಂತೆ. ಅವರ ಮರ್ಯಾದೆಗಳನ್ನು ಅವನು ನಮಗೂ ಹೇಳಿಕೊಟ್ಟ. ಎಲ್ಲೇ ಕೂತರೂ ನಿನ್ನ ಟವೆಲ್ ಹಾಸಿ ಕೂರು. ಫೋಟೋ ತೆಗೆಯಬೇಡ. ಯಾರನ್ನೂ ದಿಟ್ಟಿಸಬೇಡ. ನಮ್ಮ ಮೊಬೈಲ್‌ಗಳು ಚೀಲದೊಳಗೇ ಉಳಿದವು.

ಇದು ನಮ್ಮ ದೇಶಕ್ಕೆ ತೀರಾ ಹೊಸದೇನೂ ಅಲ್ಲ. 1891ರಲ್ಲೇ ಮುಂಬೈ ಪಕ್ಕದ ಥಾಣೆಯಲ್ಲಿ ಕ್ರಾಫರ್ಡ್ ಅನ್ನುವ ಇಂಗ್ಲಿಷ್ ನ್ಯಾಯಾಧೀಶ ಇಂಥದ್ದೊಂದು ಕೂಟ ಕಟ್ಟಿದ್ದ. ಇದ್ದ ಸದಸ್ಯರು ಮೂರೇ ಜನ. ಇನ್ನು ನಮ್ಮ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ಬಾಹುಬಲಿ ಶತಮಾನಗಳಿಂದ ಹಾಗೇ ನಿಂತಿದ್ದಾನೆ. ಅವನೆದುರು ನಿಂತ ಯಾರಿಗೂ ಬಟ್ಟೆಯ ಯೋಚನೆ ಬರುವುದಿಲ್ಲ, ಅಲ್ವಾ?

ಆದರೂ ಎಲ್ಲೆಂದರಲ್ಲಿ ಹೀಗಿರಲು ಆಗುವುದಿಲ್ಲ, ಇರಲೂಬಾರದು. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಮುಜುಗರವಾಗುವ ಹಾಗೆ ಅಸಭ್ಯವಾಗಿ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲಾಗಬಹುದು. ಹೊಳೆಯ ಕೆಳಗಡೆ ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾಡು 1987ರಿಂದ ವನ್ಯಜೀವಿ ಧಾಮ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹಾಕುವುದೇ ತಪ್ಪು. ಅದಕ್ಕೇ ನಾವು ಸ್ವಂತದವರ ತೋಟ ಹುಡುಕಿದ್ದು. ಚಿಕ್ಕಪ್ಪನಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆವು. "ನಿಮ್ಮಿಷ್ಟ ಕಣ್ರಪ್ಪ, ಆದ್ರೆ ಮಡು ಕಡೆ ಮಾತ್ರ ಹೋಗ್ಬೇಡಿ" ಅಂದರು. ಅವರಿಗೆ ಚಿಂತೆ ಇದ್ದದ್ದು ಬಟ್ಟೆಯದ್ದಲ್ಲ, ಸುಳಿ ಮತ್ತು ಮೊಸಳೆಯದ್ದು. ಹಾಗಾಗಿ ಬಂಡೆಗಳ ನಡುವೆ, ಮೊಣಕಾಲುದ್ದ ನೀರಿರುವ ಕಡೆ ಮಾತ್ರ ಇಳಿಯುವುದು ಅಂತ ಗೊತ್ತು ಮಾಡಿಕೊಂಡೆವು.

ಬೆಳಗಿನ ಜಾವದ ಚಳಿ ಜೋರಾಗಿಯೇ ಇತ್ತು. ಸೂರ್ಯ ತೆಂಗಿನ ತಲೆ ದಾಟುವವರೆಗೂ ಮೂವರೂ ಕಂಬಳಿಯೊಳಗೇ. ಆಮೇಲೆ ಬಂಡೆ ಸ್ವಲ್ಪ ಬೆಚ್ಚಗಾಯಿತು. ಪಂಚೆ ಬಿಚ್ಚಿ ಹೊಂಗೆ ಕೊಂಬೆಗೆ ಹಾಕಿ ನೀರಿಗಿಳಿದೆ. ಮೊದಲು ಕಾಲು ಮರಗಟ್ಟಿತು. ಕೂತ ಮೇಲೆ ಬೆನ್ನಿನ ಮೇಲೆ ಹರಿವ ನೀರು ಬೇರೆ, ಭುಜದ ಮೇಲಿನ ಬಿಸಿಲು ಬೇರೆ ಅಂತ ಮೈಗೆ ಬಿಡಿಬಿಡಿಯಾಗಿ ಗೊತ್ತಾಗತೊಡಗಿತು. ಒದ್ದೆ ಬಟ್ಟೆ ಅಂಟಿಕೊಂಡಿದ್ದರೆ ಇದು ಸಿಗುವುದಿಲ್ಲ. ಸಣ್ಣ ಮೀನುಗಳು ಬಂದು ಕಾಲು ಕಚ್ಚಿದವು. ಆಚೆ ದಡದಲ್ಲಿ ಮಿಂಚುಳ್ಳಿಯೊಂದು ಕೂತಿತ್ತು. ನನ್ನ ಹೊಟ್ಟೆ, ನನ್ನ ಆಪರೇಷನ್ನಿನ ಗಾಯದ ಗುರುತು, ಯಾವುದರ ನೆನಪೂ ಇರಲಿಲ್ಲ. ವರ್ಷಗಳಿಂದ ಶರ್ಟಿನೊಳಗೆ ಬಚ್ಚಿಟ್ಟುಕೊಂಡ ಮೈ ಅದು.

ಅಷ್ಟರಲ್ಲಿ ಗಂಟೆ ಸದ್ದು. ಒಂದಲ್ಲ, ಹತ್ತಾರು. ಹಿಂದೆಯೇ ದಡದಿಂದ ಒಂದು ಕೂಗು.

"ಯಾರ್ರಪ್ಪಾ ಅದು ನೀರಾಗೆ?"

ಕೂಗಿದವರು ಮರದ ಮರೆಯಲ್ಲೇ ನಿಂತಿದ್ದರು. ಪಂಚೆ ನೋಡಿಯೇ ನಿಂತದ್ದು ಅಂತ ಆಮೇಲೆ ಹೇಳಿದರು. "ಇದೀವಿ ಯಜಮಾನ್ರೇ, ಒಂದು ನಿಮಿಷ" ಅಂದೆ. ಮೂವರೂ ಪಂಚೆ ಸುತ್ತಿಕೊಂಡೆವು. ಅವರು ಹಿಂದೆ ತಿರುಗಿ, "ಹೆಣ್ಮಕ್ಳು ಕೆಳಗ್ಲ ತಿರುವಿಗೆ ಹೊಡ್ಕಂಡ್ ಹೋಗ್ರಿ" ಅಂತ ಕೂಗಿ ಹೇಳಿ, ಆಮೇಲೆ ಇಳಿದು ಬಂದರು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ವಯಸ್ಸು ಎಪ್ಪತ್ತರ ಮೇಲಿರಬೇಕು. ನಮ್ಮನ್ನು ನೋಡಿ ನಗಲಿಲ್ಲ, ಬೈಯಲೂ ಇಲ್ಲ. ತಾವೂ ಅಂಗಿ, ಪಂಚೆ ಕಳಚಿಟ್ಟು ಲಂಗೋಟಿಯಲ್ಲಿ ನೀರಿಗಿಳಿದು ಕಲ್ಲಿನಿಂದ ಹಿಮ್ಮಡಿ ಉಜ್ಜತೊಡಗಿದರು.

ಚಳ್ಳಕೆರೆ ಕಡೆಯಿಂದ ನಡೆದು ಬಂದವರು. ಭತ್ತ ಕೊಯ್ದ ಮೇಲೆ ಗದ್ದೆಗಳಲ್ಲಿ ಕುರಿ ತರುಬುತ್ತಾರೆ. ರಾತ್ರಿಯೆಲ್ಲ ಮಂದೆ ನಿಂತರೆ ಹಿಕ್ಕೆ, ಗಂಜಲ ನೆಲಕ್ಕೆ ಬೀಳುತ್ತದೆ. ರೈತನಿಗೆ ಗೊಬ್ಬರ, ಇವರಿಗೆ ದುಡ್ಡೋ ದವಸವೋ. ಪಕ್ಕದ ಗದ್ದೆಯವರು ಕರೆಸಿದ್ದರಂತೆ. ಈ ಸೀಮೆಯಲ್ಲಿ ಹೆಸರಾಗಿರುವ ಬಂಡೂರು ಕುರಿ ಗಿಡ್ಡ ಕಾಲಿನದು, ಮೈ ತುಂಬಿದ್ದು, ಮಾಂಸಕ್ಕೆ ಬೇಕಾದದ್ದು. ಇವರ ಹತ್ತಿರ ಇದ್ದದ್ದು ಎತ್ತರದ ಕರಿ ಕುರಿಗಳು, ಕಂಬಳಿಯ ಉಣ್ಣೆಯವು. ದಿನವೂ ನಡೆಯುವ ಕಾಲುಗಳು ಅವು.

ನಾವೇಕೆ ಹಾಗಿದ್ದೆವು ಅಂತ ಅವರಾಗಿ ಕೇಳಲಿಲ್ಲ. ನಾನೇ ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳೆಗೇನು ನಾಚ್ಕೆ? ದಾರ್‍ಯಾಗೆ ಹೋಗೋರ ಕಣ್ಣಿಗೆ ಬೀಳ್ಬಾರ್ದು, ಅಷ್ಟೇಯ" ಅಂದರು. ನೀರಿನ ಕಡೆ ಇಳಿಯುವಾಗ ಕೆಮ್ಮುವುದೋ ಕೂಗುವುದೋ ಅವರಲ್ಲಿ ಚಿಕ್ಕಂದಿನಿಂದಲೇ ರೂಢಿಯಂತೆ. ಮ್ಯೂನಿಕ್ ಗೆಳೆಯ ಕಣ್ಣರಳಿಸಿ ಕೇಳುತ್ತಿದ್ದ.

ಸಂಜೆ ಊಟಕ್ಕೆ ಕರೆದರು. ಗದ್ದೆಯಲ್ಲಿ ಬಲೆ ಕಟ್ಟಿ ಮರಿಗಳನ್ನು ಕೂಡಿದ್ದರು. ಮೂರು ಕಲ್ಲಿನ ಒಲೆ, ಪ್ಲಾಸ್ಟಿಕ್ ಹಾಳೆಯ ಬಿಡಾರ. ನಮ್ಮ ಟೆಂಟಿಗಿಂತ ಚಿಕ್ಕದು, ಅದರಲ್ಲೇ ಇಡೀ ಸಂಸಾರ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಸಾರಿನ ಖಾರಕ್ಕೆ ಮೂಗು ಸುರಿಯಿತು. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ.

ಬಡಿಸುತ್ತಿದ್ದ ಅಜ್ಜಿ ಬೆಳಗಿನ ಸುದ್ದಿ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮಗಾದ್ರೆ ಹಗಲೊತ್ನಾಗೇ ಹೊಳೆ. ನಮಗೆ ಕತ್ಲಾಗ್ಬೇಕು ಕಣಪ್ಪ."

ಊರು ಬಿಟ್ಟು ಊರು ಸುತ್ತುವಾಗ ಹೆಂಗಸರಿಗೆ ಸ್ನಾನವೇ ದೊಡ್ಡ ಕಷ್ಟ ಅಂದರು. ಕೋಳಿ ಕೂಗುವ ಮುಂಚೆ ಎದ್ದು, ಎರಡು ಕೋಲಿಗೆ ಸೀರೆ ಕಟ್ಟಿ, ಎದೆಗೆ ಲಂಗ ಬಿಗಿದುಕೊಂಡು ನಾಲ್ಕು ಚೊಂಬು ನೀರು ಹುಯ್ದುಕೊಳ್ಳಬೇಕು. ಆ ಚಳಿಯಲ್ಲಿ ತಲೆಗೆ ಹುಯ್ದುಕೊಂಡರೆ ಕೂದಲು ಆರುವುದಿಲ್ಲ. ಬಾಣಂತಿ ಸೊಸೆಗೆ ಮೈತುಂಬ ನೀರು ಕಂಡು ವಾರವೇ ಆಗಿತ್ತು. ಬೈಕಿನಲ್ಲಿ ಬರುವ ಹುಡುಗರು ನಿಂತು ನೋಡುತ್ತಾರೆ, ಈಗೀಗ ಮೊಬೈಲ್ ಬೇರೆ ಹಿಡಿಯುತ್ತಾರೆ ಅಂದರು.

ನಮಗೆ ಯಾರಿಗೂ ಮಾತಾಡಲು ಆಗಲಿಲ್ಲ. ಮೂವರು ಗಂಡಸರು ಕೇಳಿದ ತಕ್ಷಣ ಒಂದು ತೋಟ ಸಿಕ್ಕಿತ್ತು. ತಾತ ಹೇಳಿದ ಆ ಕೂಗಿನ ಮರ್ಯಾದೆ ನಮಗೆ ಸಿಕ್ಕಿದ ಹಾಗೆ ಈ ಹೆಂಗಸರಿಗೆ ದಾರಿಯಲ್ಲಿ ಸಿಗುತ್ತಿರಲಿಲ್ಲ. ಹೊಳೆಯಲ್ಲಿ ಬಿಸಿಲು ಕಾಯಿಸುತ್ತ ಕೂರುವ ಸುಖ ಹಕ್ಕಿನ ಮಾತಾದರೆ, ಅದರ ಅಗತ್ಯ ನಮಗಿಂತ ಜಾಸ್ತಿ ಇದ್ದದ್ದು ಅವರಿಗೆ.

ರಾತ್ರಿಯೇ ಚಿಕ್ಕಪ್ಪನಿಗೆ ಫೋನ್ ಮಾಡಿದೆವು. ತೋಟದ ಮೂಲೆಯಲ್ಲಿ ಹೆಣೆದ ತೆಂಗಿನ ಗರಿ ರಾಶಿ ಬಿದ್ದಿತ್ತು. "ತಗೊಳ್ಳಿ, ಅದಕ್ಕೂ ಕೇಳ್ಬೇಕಾ" ಅಂದರು. ಬೆಳಿಗ್ಗೆ ಎದ್ದು, ಬಂಡೆಗಳ ಪಕ್ಕ ದಾರಿ ಕಾಣುವ ಕಡೆ ಕೋಲು ನೆಟ್ಟು ಗರಿ ಕಟ್ಟಿದೆವು. ತಾತನ ಮೊಮ್ಮಗ ಗಂಟು ಹಾಕಿದ ರೀತಿ ನಮ್ಮದಕ್ಕಿಂತ ಚೆನ್ನಾಗಿತ್ತು. ನಮ್ಮ ಟೆಂಟು ಕಿತ್ತು ತೋಟದ ಆಚೆ ತುದಿಗೆ, ರಸ್ತೆ ಪಕ್ಕಕ್ಕೆ ಸಾಗಿಸಿದೆವು. ಬೈಕು ಬರುವುದೆಲ್ಲ ಆ ಕಡೆಯಿಂದಲೇ.

ಬಿಸಿಲೇರಿದ ಮೇಲೆ ಅಜ್ಜಿ, ಸೊಸೆಯಂದಿರು, ಹುಡುಗಿಯರು ಸೋಪು, ಸೀಗೆಪುಡಿ, ಬಿಂದಿಗೆ ಹಿಡಿದು ಇಳಿದು ಹೋದರು. ನಾವು ಬೆಳಕವಾಡಿಗೆ ಹೋಗಿ ಇಡ್ಲಿ ತಿಂದು, ಟೀ ಕುಡಿದು, ಬೇಕೆಂದೇ ತಡ ಮಾಡಿಕೊಂಡು ಬಂದೆವು. ತಾತ ಗೇಟಿನ ಹತ್ತಿರ ಕೋಲು ಹಿಡಿದು ಕೂತಿದ್ದರು. ನಮ್ಮನ್ನೂ ತಡೆದರು.

"ಇನ್ನಾ ಆಗಿಲ್ಲ. ನಿಂತ್ಕಳ್ರಿ."

ನಿಂತೆವು. ಸುಮಾರು ಹೊತ್ತಾದ ಮೇಲೆ ಅಜ್ಜಿ ಕೂದಲು ಕೊಡವುತ್ತಾ ಬಂದು, ನಾಳೆಯೂ ಬಿಟ್ಟುಕೊಡುತ್ತೀರಾ ಅಂತ ಕೇಳಿದರು. ನೀವು ಇಲ್ಲಿರುವಷ್ಟು ದಿನವೂ ನಿಮ್ಮದೇ ಅಂತ ಚಿಕ್ಕಪ್ಪ ಹೇಳಿದ್ದಾರೆ ಅಂದೆವು. ಹಾಗಾದರೆ ಕಂಬಳಿಗಳನ್ನೂ ಒಗೆಯಬಹುದು ಅಂತ ಅಜ್ಜಿ ಸೊಸೆಯನ್ನು ಕೂಗಿದರು.