ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟು ಏನು ಬಂತು?

ಜನರಿಂದ ಗಾಳಿ ಊದಿಸುವುದು ನನ್ನ ಕೆಲಸ. ಸ್ಪೈರೋಮೆಟ್ರಿ ಅಂತಾರೆ, ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಎದೆ ತುಂಬ ಉಸಿರೆಳೆದುಕೊಂಡು ಒಂದೇ ಸಲಕ್ಕೆ ಜೋರಾಗಿ ಊದಬೇಕು. ನಾನು ಪಕ್ಕದಲ್ಲಿ ನಿಂತು "ಊದಿ ಊದಿ ಊದಿ, ಇನ್ನೂ ಇನ್ನೂ, ನಿಲ್ಲಿಸಬೇಡಿ" ಅಂತ ಕೂಗುತ್ತಿರುತ್ತೇನೆ. ಹೊರಗೆ ಕಾಯುವವರು ಒಳಗೇನೋ ಜಗಳ ಅಂದುಕೊಂಡಿದ್ದೂ ಉಂಟು.

ಊದಿ ಮುಗಿಸಿ, ಸುಧಾರಿಸಿಕೊಂಡು, ಸಿಗರೇಟು ಸೇದುವವರು ಕೇಳುವ ಪ್ರಶ್ನೆ ಮಾತ್ರ ಒಂದೇ. "30 ವರ್ಷ ಸೇದಿದ್ದೀನಮ್ಮ. ಹೋಗಿದ್ದು ಹೋಯ್ತು. ಈಗ ಬಿಟ್ಟು ಏನು ಬಂತು?"

ಹೋಗಿದ್ದು ವಾಪಸ್ ಬರುವುದಿಲ್ಲ, ನಿಜ. ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ವರ್ಷಗಟ್ಟಲೆ ಹೊಗೆ ಕುಡಿದು ಅವುಗಳ ನಡುವಿನ ತೆಳು ಗೋಡೆ ಹರಿದುಹೋಗುತ್ತದೆ. ಹತ್ತಾರು ಪುಟ್ಟ ಚೀಲ ಸೇರಿ ಒಂದು ಜೋಲು ಚೀಲ ಆಗುತ್ತದೆ. ಗಾಳಿಕೊಳವೆಗಳು ಊದಿಕೊಂಡು, ಕಫ ತುಂಬಿ, ಕಿರಿದಾಗುತ್ತವೆ. ಇದಕ್ಕೇ ಸಿಒಪಿಡಿ ಅನ್ನುವುದು. ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರುವುದಿಲ್ಲ. ನಾನು ಅಷ್ಟೊಂದು ಕೂಗಿ ಊದಿಸುವುದೂ ಅದಕ್ಕೇ. ಹರಿದ ಗೋಡೆಯನ್ನು ಮತ್ತೆ ಕಟ್ಟುವ ಔಷಧಿ ಇಲ್ಲ. ಇನ್‌ಹೇಲರ್ ಕೊಳವೆಗಳನ್ನು ಸಡಿಲ ಮಾಡಿ ಉಸಿರಾಟ ಹಗುರ ಮಾಡುತ್ತದೆ, ಅಷ್ಟೇ.

ಮತ್ತೆ ಬಿಡುವುದು ಯಾಕೆ? ಇಲ್ಲೊಂದು ಲೆಕ್ಕ ಇದೆ.

ಮೊದಲ 1 ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅಂತ ಯಂತ್ರ ತೋರಿಸುತ್ತದೆ. ಒಟ್ಟು ಊದಿದ ಗಾಳಿಯಲ್ಲಿ ಅದು 70 ಶೇಕಡಕ್ಕಿಂತ ಕಡಿಮೆ ಬಂದರೆ, ಅದೂ ಕೊಳವೆ ಸಡಿಲಿಸುವ ಔಷಧಿ ಕೊಟ್ಟ ಮೇಲೂ, ಎಲ್ಲೋ ಅಡ್ಡಿ ಇದೆ ಅಂತಲೇ ಅರ್ಥ. ಆ 1 ಸೆಕೆಂಡಿನ ಗಾಳಿ ಸೇದದವರಲ್ಲೂ ವಯಸ್ಸಾದಂತೆ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳಿಯುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಲಂಗ್ ಹೆಲ್ತ್ ಸ್ಟಡಿ ಅಂತ ಒಂದು ದೊಡ್ಡ ಅಧ್ಯಯನ ನಡೆಯಿತು. ಸಿಒಪಿಡಿ ಆಗಷ್ಟೇ ಶುರುವಾಗಿದ್ದ ಸುಮಾರು 5,900 ಜನರಿಂದ ಆರಂಭಿಸಿ, 11 ವರ್ಷದ ನಂತರವೂ ಮತ್ತೆ ಊದಿಸಿ ನೋಡಿದರು. ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ 66 ಮಿಲಿಲೀಟರ್ ಇಳಿದಿತ್ತು. ಪೂರ್ತಿ ಬಿಟ್ಟವರಲ್ಲಿ 30. ಹೆಂಗಸರಲ್ಲೂ ಹೆಚ್ಚುಕಡಿಮೆ ಅದೇ ಕಥೆ.

ಈಗ ನಿಮ್ಮ ಹತ್ತಿರ 1.8 ಲೀಟರ್ ಉಳಿದಿದೆ ಅಂದುಕೊಳ್ಳಿ. ಸೇದುತ್ತಾ ಹೋದರೆ 10 ವರ್ಷಕ್ಕೆ 1.14ರ ಹತ್ತಿರ. ಬಿಟ್ಟರೆ 1.5. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಆ ಮಟ್ಟದಲ್ಲಿ 360 ಮಿಲಿಲೀಟರ್ ಅಂದರೆ ಸ್ನಾನ ಮುಗಿಸಿ ನೇರ ಬಟ್ಟೆ ಹಾಕಿಕೊಳ್ಳುವುದಕ್ಕೂ, ಮಂಚದ ಅಂಚಿನಲ್ಲಿ ಕೂತು ದಮ್ಮು ಹತ್ತಿ ಸುಧಾರಿಸಿಕೊಳ್ಳುವುದಕ್ಕೂ ಇರುವ ಅಂತರ ಆಗಬಹುದು.

"ನಮ್ಮ ತಾತ 90ರವರೆಗೂ ಸೇದಿದರು" ಅನ್ನುವವರೂ ಸಿಗುತ್ತಾರೆ. ಇರಬಹುದು. ಸೇದಿದವರಿಗೆಲ್ಲ ಸಿಒಪಿಡಿ ಬರುವುದಿಲ್ಲ. ಆದರೆ ನನ್ನ ಮುಂದೆ ಊದಲು ಕೂತಿರುವುದು ತಾತ ಅಲ್ಲವಲ್ಲ. ಇನ್ನು "ಕಮ್ಮಿ ಮಾಡಿದ್ದೀನಿ" ಅನ್ನುವವರು. ಎಣಿಕೆ ಕಮ್ಮಿಯಾದಾಗ ಗೊತ್ತೇ ಆಗದೆ ಒಂದೊಂದು ದಮ್ಮೂ ಆಳವಾಗುತ್ತದೆ. ನನ್ನ ಕೇಳಿದರೆ ಅದು ಸುಮ್ನೆ ಸಮಾಧಾನ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಬಿಟ್ಟ ಮೇಲೆ ಕೆಲವು ವಾರ ಕೆಮ್ಮು, ಕಫ ಜಾಸ್ತಿ ಆಗಬಹುದು. ಗಾಳಿಕೊಳವೆಯ ಒಳಗೆ ಕಫವನ್ನು ಮೇಲಕ್ಕೆ ತಳ್ಳುವ ಕೂದಲಿನಂಥ ಎಳೆಗಳಿವೆ. ಹೊಗೆಗೆ ಮಂಕು ಬಡಿದಿದ್ದ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಇದು ಗೊತ್ತಿಲ್ಲದೆ "ಬಿಟ್ಟಿದ್ದಕ್ಕೇ ಕೆಮ್ಮು ಬಂತು" ಅಂತ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಕಫದಲ್ಲಿ ರಕ್ತ ಕಂಡರೆ ಅಥವಾ ಕೆಮ್ಮು ಇಳಿಯದೇ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಒಬ್ಬ ಹಿರಿಯರು ಸೇದುವುದು ಬಿಟ್ಟು 3 ವರ್ಷ ಆಗಿತ್ತು. ಊದಿದರು. 1.69 ಲೀಟರ್. ಬಿಟ್ಟ ವರ್ಷ 1.74 ಇತ್ತು. "ಕಮ್ಮಿನೇ ಆಗಿದೆಯಲ್ಲಮ್ಮ!" ಅಂತ ಮುಖ ಸಣ್ಣದು ಮಾಡಿಕೊಂಡರು. ನಾನು ಹಳೆಯ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಸೇದುತ್ತಿದ್ದಾಗ 3 ವರ್ಷದಲ್ಲಿ 200 ಮಿಲಿಲೀಟರ್ ಹೋಗಿತ್ತು. ಬಿಟ್ಟ ಮೇಲಿನ 3 ವರ್ಷದಲ್ಲಿ 50. ಬೆರಳಿಟ್ಟು ಒಂದೊಂದೇ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಇನ್ನೊಂದು ಸಲ ಊದಲಾ? ಈ ಸಲ ಚೆನ್ನಾಗಿ ಊದ್ತೀನಿ."

ಊದಿದರು. 1.68 ಬಂತು.